ಹಳೆಯ ಅಳತೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದವನೇ ದರ್ಜಿ ಮಾಡಿದ ಮೊದಲ ಕೆಲಸವೆಂದರೆ ಒಳಕೋಣೆಯ ನಿಲುವುಗನ್ನಡಿಯನ್ನು ಹೊರಗೆ ಎಳೆದು ತಂದದ್ದು. ಹದಿನೈದು ವರ್ಷದಿಂದ ಒಂದೇ ಗೋಡೆಗೆ ಒರಗಿ ನಿಂತಿದ್ದ ಕನ್ನಡಿ. ಅದರ ಹಿಂದೆ ಧೂಳು, ಜೇಡರ ಬಲೆ, ಯಾವತ್ತೋ ಕಳೆದುಹೋಗಿ ಎಲ್ಲರ ಮೇಲೂ ಅನುಮಾನ ತರಿಸಿದ್ದ ಒಂದು ಕತ್ತರಿ. ಬಾಗಿಲ ದಾರಂದಕ್ಕೆ ತಾಗಿ ಅವನ ಬೆರಳಗಂಟು ತರಚಿತು. "ಇದೇನ್ರೀ, ಬೆಳಿಗ್ಗೆ ಬೆಳಿಗ್ಗೆ ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಹೆಂಡತಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಕೇಳಿದಳು. "ಇಲ್ಲಿ ಬೆಳಕು ಚೆನ್ನಾಗಿದೆ" ಎಂದ. ಇದ್ದದ್ದು ನಿಜವೇ. ಆದರೆ ಕಾರಣ ಅದಲ್ಲ. ಇವತ್ತು ಟೀಸಿ ಕೋಟಿನ ಟ್ರಯಲ್ಲಿಗೆ ಬರುವವನಿದ್ದ. ಕನ್ನಡಿ ಒಳಗಿದ್ದರೆ ಟೀಸಿಯೂ ಒಳಗೆ ಬರಬೇಕು. ಬಂದರೆ, ಅಲ್ಲಿ ಮೂಲೆಯಲ್ಲಿ ಇರಬೇಕಾದ, ಗುಂಡಿ ಮನೆ ಹೊಲಿಯುವ ಕಾಜಾ ಮಷೀನು ಇಲ್ಲದ್ದು ಕಾಣುತ್ತದೆ. ಇಲ್ಲದ್ದು ಹೇಗಪ್ಪಾ ಕಾಣುತ್ತದೆ ಎಂದು ಯಾರಾದರೂ ಕೇಳಬಹುದು. ಸುಳ್ಳು ಹೇಳಿದವನನ್ನು ಕೇಳಿ ನೋಡಿ. ಅವನಿಗೆ ಆ ಮೂಲೆಯಲ್ಲಿ ಅದು ಎರಡು ವರ್ಷದಿಂದ ಕಾಣುತ್ತಲೇ ಇದೆ, ಎಣ್ಣೆ ಹಾಕಿ ಒರೆಸಿಟ್ಟಷ್ಟು ಸ್ಪಷ್ಟವಾಗಿ.

ಟೀಸಿ ಎಂದರೆ ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಬೀದಿಗೆಲ್ಲ ಅವನು ಟೀಸಿಯೇ. ಅವನ ಹೆಸರು ಅವನಿಗೇ ನೆನಪಿದೆಯೋ ಇಲ್ಲವೋ. ಲೋಕದ ಜನರನ್ನೆಲ್ಲ "ತೋರಿಸಿ, ತೋರಿಸಿ" ಎಂದು ಕೈಚಾಚಿ ಕೇಳಿದವನು ತನ್ನ ಸ್ವಂತ ದುಡ್ಡನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ. ಕೇಳಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ದರ್ಜಿಗೆ ಎಷ್ಟೋ ಸಲ ಅನಿಸಿದೆ. ಕೇಳಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಸಿಟ್ಟು ಬಂದಿದ್ದರೆ ಈ ನಾಚಿಕೆ ತಪ್ಪುತ್ತಿತ್ತು. ಎರಡು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಕತ್ತರಿಸುವ ಮೇಜಿನ ಪಕ್ಕ ನಿಂತು, "ಕಾಜಾ ಮಷೀನು ತಗೋಬೇಕು ಸಾರ್, ಗುಂಡಿ ಮನೆ ಎಲ್ಲಾ ಕೈಯಲ್ಲಿ ಹೊಲಿದೂ ಹೊಲಿದೂ ಇವಳ ಬೆರಳು ತೂತಾಗಿದೆ" ಎಂದಿದ್ದ. ಟೀಸಿ ಮರುದಿನವೇ ದುಡ್ಡನ್ನು ಪೇಪರಿನಲ್ಲಿ ಸುತ್ತಿ ತಂದು, ಎಣಿಸು ಎಂದೂ ಹೇಳದೆ, ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟುಹೋದ. ದರ್ಜಿ ಹೇಳಿದ್ದರಲ್ಲಿ ಬೆರಳಿನ ಮಾತು ನಿಜ. ಹೀಗೆ ನಿಜವನ್ನು ಮುಂದೆ ನಿಲ್ಲಿಸಿ ಅದರ ಹಿಂದೆ ಅಡಗಿಕೊಳ್ಳುವುದು ಬರಿಯ ಸುಳ್ಳಿಗಿಂತ ಹೇಸಿಗೆ ಎಂದು ಅವನಿಗೆ ಆಗಲೇ ಗೊತ್ತಿತ್ತು.

ಮಷೀನು ಕೊಳ್ಳಲಿಲ್ಲ. ಆ ದುಡ್ಡಿನಲ್ಲಿ ಹೆಂಡತಿಯನ್ನು ಎಂಟು ದಿನ ಸಮುದ್ರಕ್ಕೆ ಕರೆದುಕೊಂಡು ಹೋದ. ಅದಕ್ಕೂ ಮುಂಚೆ ಒಂದು ಸಂಜೆ, ಯಾರದೋ ಪ್ಯಾಂಟಿನ ಅಂಚು ಮಡಚುತ್ತ, ಅವಳು "ಒಂದು ಸಲ ಸಮುದ್ರ ನೋಡಬೇಕಿತ್ತು" ಎಂದಿದ್ದಳು. ನೋಡಬೇಕು ಎಂದಿದ್ದರೆ ಅವನು ನೋಡೋಣ ಬಿಡು ಎಂದು ಮರೆತುಬಿಡುತ್ತಿದ್ದ. ನೋಡಬೇಕಿತ್ತು ಎಂದಳು, ಎಲ್ಲಾ ಮುಗಿದುಹೋದವರ ಹಾಗೆ, ನಲವತ್ತೆರಡನೆಯ ವಯಸ್ಸಿಗೆ. ಅಷ್ಟೇ ಸಾಕಾಯಿತು. ಕೂಡಿಟ್ಟ ದುಡ್ಡು ಎಂದು ಅವಳಿಗೆ ಹೇಳಿದ. ಅವಳು ನಂಬಿದಳು, ಅಷ್ಟೇ ಅಲ್ಲ, "ನಂಗೆ ಗೊತ್ತಾಗದ ಹಾಗೆ ಎಷ್ಟು ದಿನದಿಂದ ಕೂಡಿಟ್ರಿ ರೀ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಲ್ಲಿ ಕಿಟಕಿ ತೆರೆದರೆ ನೀರು. ಮೂರನೆಯ ದಿನ ಅಲೆಯೊಂದು ಅವಳ ಒಂದು ಕಾಲಿನ ಚಪ್ಪಲಿ ಎಳೆದುಕೊಂಡು ಹೋಯಿತು. ಅವಳು ಇನ್ನೊಂದನ್ನೂ ಬಿಚ್ಚಿ ಎಸೆದು, "ತಗೋ, ಜೊತೆ ಮುರೀಬೇಡ" ಎಂದು ಸಮುದ್ರಕ್ಕೆ ಬೈದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ದೊಡ್ಡ ನಗು ಅವಳೊಳಗೆ ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆನಪ್ಪಾ ಎಂದುಕೊಂಡ. ಆ ಎಂಟು ದಿನದಲ್ಲಿ ಅವನು ಸುಖವಾಗಿದ್ದ. ಸುಮ್ಮನೆ ಹೇಳಬಾರದು, ತುಂಬಾ ಸುಖವಾಗಿದ್ದ. ಈಗಲೂ ಪಶ್ಚಾತ್ತಾಪ ಪಡೋಣ ಎಂದು ಕೂತರೆ ಮೊದಲು ನೆನಪಾಗುವುದು ಆ ನಗು. ಪಶ್ಚಾತ್ತಾಪ ಅಲ್ಲಿಗೇ ಹಳಸಿಹೋಗುತ್ತದೆ.

ಕೋಟಿನ ಭುಜಕ್ಕೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದ. ಹಬೆ ಮುಖಕ್ಕೆ ಬಂತು. ಮೇಜಿನಾಚೆ, ಗೋಡೆಯ ಪಕ್ಕ ಒಂದು ಮರದ ಸ್ಟೂಲು. ಅದರ ಮೇಲೆ ಐದು ಬಟ್ಟೆಯ ಸುರುಳಿಗಳು. ಅದು ಟೀಸಿಯ ಸ್ಟೂಲು. ತನ್ನ ಹೆಂಡತಿ ತೀರಿಕೊಂಡ ಮೇಲೆ ಟೀಸಿ ದಿನಾ ಸಂಜೆ ಐದಕ್ಕೆ ಬಂದು ಅದರ ಮೇಲೆ ಕೂತು, ಪೇಪರು ಓದಿ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಕಥೆ ಹೇಳಿ, ಏಳಕ್ಕೆ ಎದ್ದುಹೋಗುತ್ತಿದ್ದ. ಒಬ್ಬ ಮಹಾಶಯ ನಾಯಿಗೆ ಟಿಕೆಟ್ ತೆಗೆಸಿ ತನಗೆ ತೆಗೆಸದೆ ಬಂದಿದ್ದನಂತೆ. ದರ್ಜಿ ನಕ್ಕೂ ನಕ್ಕೂ ಹೊಲಿಗೆ ಸೊಟ್ಟಗಾದದ್ದುಂಟು. ದುಡ್ಡು ತೆಗೆದುಕೊಂಡ ಮೇಲೆ ಅದೇ ಕಥೆಗಳು ಚುಚ್ಚತೊಡಗಿದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಟೀಸಿ ಯಾವ ಕಳ್ಳ ಪ್ರಯಾಣಿಕನ ಕಥೆ ಹೇಳಿದರೂ ಇವನ ಕಿವಿ ಬಿಸಿಯಾಗುತ್ತಿತ್ತು. ಗಡಿಯಾರ ಐದರ ಹತ್ತಿರ ಬಂದರೆ ಕಣ್ಣು ಮತ್ತೆ ಮತ್ತೆ ಬಾಗಿಲಿಗೆ ಹೋಗುತ್ತಿತ್ತು. ಒಂದು ದಿನ ಯಾಕೆ ಎಂದು ತನಗೂ ಹೇಳಿಕೊಳ್ಳದೆ, ನಾಲ್ಕೂಮುಕ್ಕಾಲಕ್ಕೆ ಎರಡು ಬಟ್ಟೆ ಸುರುಳಿ ಎತ್ತಿ ಸ್ಟೂಲಿನ ಮೇಲಿಟ್ಟ. ಟೀಸಿ ಬಂದು ನೋಡಿದ, "ಓ, ಕೆಲಸ ಜಾಸ್ತಿ" ಎಂದ, ಹತ್ತು ನಿಮಿಷ ನಿಂತುಕೊಂಡೇ ಮಾತಾಡಿ ಹೋದ. ಮರುದಿನ ಸುರುಳಿ ಮೂರಾಯಿತು. ಐದಾಗುವ ಹೊತ್ತಿಗೆ ಟೀಸಿ ಬರುವುದು ನಿಂತಿತು. ಯಾರೂ ಯಾರಿಗೂ ಬಾಯಿ ಬಿಟ್ಟು ಬಾ ಎಂದೂ ಹೋಗು ಎಂದೂ ಹೇಳಲಿಲ್ಲ.

ಇಷ್ಟಾದರೂ ಒಂದು ಮಟ್ಟಿಗೆ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಔಷಧಿ ಅಂಗಡಿಯ ವಿಷಯ. ಮೂರು ತಿಂಗಳ ಹಿಂದೆ, ನಡುಹಗಲು, ರಸ್ತೆಯ ಆಚೆ ಬದಿಯ ಔಷಧಿ ಅಂಗಡಿಯ ಮುಂದೆ ಟೀಸಿ ಚೀಟಿ ಹಿಡಿದು ನಿಂತಿದ್ದ. ಕುತ್ತಿಗೆ ಕಾಲರಿನೊಳಗೆ ಸಡಿಲವಾಗಿ ಓಲಾಡುತ್ತಿತ್ತು. ದರ್ಜಿಯ ಕಣ್ಣು ದರ್ಜಿಯ ಕಣ್ಣೇ. ಎದೆಯಲ್ಲಿ ನಾಲ್ಕು ಇಂಚು ಇಳಿದಿದೆ ಎಂದು ಅದು ತಾನಾಗಿ ಲೆಕ್ಕ ಹಾಕಿತು. ಆ ಲೆಕ್ಕದ ಹಿಂದೆಯೇ ಒಂದು ಯೋಚನೆ ಬಂತು. ಇವನು ಹೋಗಿಬಿಟ್ಟರೆ. ಅಷ್ಟೇ. ವಾಕ್ಯ ಮುಗಿಯಲೂ ಇಲ್ಲ. ಆದರೆ ಎದೆಯೊಳಗೆ ಏನೋ ಹಗುರಾದದ್ದು ಅವನಿಗೆ ಗೊತ್ತಾಯಿತು, ಬಿಗಿಯಾದ ಬೆಲ್ಟನ್ನು ಒಂದು ತೂತು ಸಡಿಲಿಸಿದ ಹಾಗೆ. ಛೀ ಎಂದು ಅಲ್ಲೇ ಉಗುಳಿ, ಟೀಸಿ ತಿರುಗುವ ಮೊದಲೇ ಪಕ್ಕದ ಓಣಿಗೆ ನುಗ್ಗಿ, ಸುತ್ತು ಹಾಕಿಕೊಂಡು ಅಂಗಡಿಗೆ ಬಂದ. ಅವತ್ತು ತಾನು ಟೀಸಿಯನ್ನು ನೋಡೇ ಇಲ್ಲ ಎಂದು ನಂಬಿಕೊಂಡ. ನಂಬಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದಿಲ್ಲವೇ.

ಆಮೇಲೆ ಹೋದ ತಿಂಗಳು ಒಂದು ಬೆಳಿಗ್ಗೆ ಟೀಸಿ ತಾನೇ ಬಂದುಬಿಟ್ಟ, ಕಂಕುಳಲ್ಲಿ ಬೂದು ಬಟ್ಟೆಯ ಪೊಟ್ಟಣ. ಮೈಮೇಲೆ ದಪ್ಪನೆಯ ಶಾಲು ಹೊದ್ದಿದ್ದ. "ಒಂದು ಕೋಟು ಹೊಲಿದುಕೊಡಯ್ಯ" ಎಂದು ಕೈಗಳೆರಡನ್ನೂ ಅಗಲಿಸಿ ನಿಂತ. ಅಳತೆಗೆ ನಿಲ್ಲುವವರೆಲ್ಲ ನಿಲ್ಲುವುದು ಹಾಗೇ. ಆದರೆ ದರ್ಜಿಗೆ ಹತ್ತಿರ ಹೋಗಲಾಗಲಿಲ್ಲ. ಎದೆಯ ಅಳತೆ ತೆಗೆಯುವುದೆಂದರೆ ಮನುಷ್ಯನನ್ನು ಎರಡು ಕೈಯಿಂದ ಬಳಸಬೇಕು, ಮುಖ ಅವನ ಭುಜದ ಹತ್ತಿರ ಬರುತ್ತದೆ, ಉಸಿರು ತಾಗುತ್ತದೆ. ಸಾಲ ಕೊಟ್ಟವನನ್ನು ಹಾಗೆ ಬಳಸುವುದು ಹೇಗೆ? "ನಿಮ್ಮ ಅಳತೆ ಪುಸ್ತಕದಲ್ಲೇ ಇದೆಯಲ್ಲ ಸಾರ್, ಹೋದ ವರ್ಷ ಶರಟಿಗೆ ತಗೊಂಡಿದ್ದು. ನಿಮ್ಮ ಮೈ ನಂಗೆ ಬಾಯಿಪಾಠ" ಎಂದ. ಟೀಸಿಯ ಕೈಗಳು ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿದ್ದು, ಮೆಲ್ಲಗೆ ಕೆಳಗಿಳಿದವು. "ಹಾಗಂತೀಯ? ಸರಿ ಬಿಡು" ಎಂದ. ಎದೆ ನಲವತ್ತು ಎಂದು ಪುಸ್ತಕದಲ್ಲಿ ಹೆಂಡತಿಯ ದುಂಡು ಅಕ್ಷರದಲ್ಲಿ ಬರೆದಿತ್ತು. ದರ್ಜಿ ನಲವತ್ತಕ್ಕೇ ಕತ್ತರಿಸಿದ. ಕಸುಬು ಕಲಿಸಿದ ಯಜಮಾನ ಮೊದಲ ದಿನವೇ ಹೇಳಿಕೊಟ್ಟ ಪಾಠ, ಹಳೇ ಅಳತೆಗೆ ಹೊಸ ಬಟ್ಟೆ ಕತ್ತರಿಸಬೇಡ. ಕತ್ತರಿ ಆಡುವಾಗ ಕೈ ಒಂದು ಸಲವೂ ನಡುಗಲಿಲ್ಲ. ಈಗ ನೆನೆದರೆ ಅದೇ ಅವನಿಗೆ ಹೆಚ್ಚು ಭಯ.

ಟೀಸಿ ಬಂದದ್ದು ಹನ್ನೊಂದು ಗಂಟೆಗೆ. ಕನ್ನಡಿ ನೋಡಿ, "ಓಹೋ, ಇದಕ್ಕೂ ಬಡ್ತಿ ಸಿಕ್ತಾ? ಹೊರಗೆ ಬಂದುಬಿಟ್ಟಿದೆ" ಎಂದ. ದರ್ಜಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ನಕ್ಕ. ಟೀಸಿ ಶಾಲು ತೆಗೆದು ಮಡಚಿ ಮೇಜಿನ ಮೇಲಿಟ್ಟ. ಹೆಂಡತಿ ತಲೆಯೆತ್ತಿದಳು. ಕೋಟು ಹೊಲಿಯಲು ಕೊಟ್ಟ ದಿನ ಅವಳು ಅಂಗಡಿಯಲ್ಲಿರಲಿಲ್ಲ, ಟೀಸಿಯನ್ನು ನೋಡಿ ಅವಳಿಗೆ ವರ್ಷವೇ ಆಗಿತ್ತು.

"ಅಯ್ಯೋ ಅಣ್ಣಾ, ಇದೇನು ಹೀಗಾಗಿಬಿಟ್ಟಿದ್ದೀರಿ?"

"ಲಗೇಜು ಇಳಿಸ್ತಾ ಇದ್ದೀನಮ್ಮ. ಸ್ಟೇಷನ್ನು ಹತ್ರ ಬಂದಾಗ ಕೈ ಖಾಲಿ ಇದ್ರೆ ಒಳ್ಳೇದಲ್ವಾ?"

ದರ್ಜಿ ಕೋಟು ಎತ್ತಿ ಹಿಡಿದ. ಟೀಸಿ ತೋಳು ತೂರಿಸಿದ. ಕೋಟಿನ ಭುಜ ಟೀಸಿಯ ಭುಜ ದಾಟಿ ಕೆಳಗೆ ಜೋತಿತು, ತೋಳಿನೊಳಗಿಂದ ಬೆರಳ ತುದಿ ಮಾತ್ರ ಹೊರಗೆ ಇಣುಕಿತು. ಗುಂಡಿ ಹಾಕಿದ ಮೇಲೂ ಒಳಗೆ ಇನ್ನೊಬ್ಬ ಮನುಷ್ಯ ಆರಾಮವಾಗಿ ನಿಲ್ಲಬಹುದಿತ್ತು. ಮೂವರೂ ಕನ್ನಡಿಯಲ್ಲಿ ಕಂಡರು. ಹೊರಗೆ ಬೆಳಕು ನಿಜಕ್ಕೂ ಚೆನ್ನಾಗಿತ್ತು, ಹಾಳು ಬೆಳಕು, ಏನನ್ನೂ ಮುಚ್ಚುವಂತಿರಲಿಲ್ಲ. ಏನಾದರೂ ಹೇಳಲೇಬೇಕಿತ್ತು. "ಈಗಿನ ಫ್ಯಾಷನ್ನು ಸ್ವಲ್ಪ ಸಡಿಲಾನೇ ಸಾರ್" ಎಂಬ ಮಾತು ದರ್ಜಿಯ ಬಾಯಿಂದ ಬಂದುಬಿಟ್ಟಿತು.

"ರೀ!" ಎಂದಳು ಹೆಂಡತಿ. ಹದಿನೈದು ವರ್ಷದಲ್ಲಿ ಗಿರಾಕಿಯ ಮುಂದೆ ಅವಳು ಅವನಿಗೆ ದನಿ ಏರಿಸಿದ್ದು ಅದೇ ಮೊದಲು.

ಟೀಸಿ ನಗಲಿಲ್ಲ. ಕೂರಲು ಜಾಗಕ್ಕೆ ಸುತ್ತ ನೋಡಿದ, ಕಣ್ಣು ಸ್ಟೂಲಿನ ಮೇಲಿದ್ದ ಬಟ್ಟೆಯವರೆಗೆ ಹೋಗಿ, ಅಭ್ಯಾಸವಾದವರ ಹಾಗೆ ವಾಪಸು ಬಂತು, ಮೇಜಿನ ಅಂಚು ಹಿಡಿದುಕೊಂಡು ನಿಂತ. ಹೆಂಡತಿ ಸುರುಳಿ ಎತ್ತಲು ಹೋದಳು. ದರ್ಜಿ ಅವಳನ್ನು ತಡೆದು ತಾನೇ ಎತ್ತಿದ. ಐದು ಸುರುಳಿ, ಒಂದೊಂದಾಗಿ. ಇಬ್ಬರೂ ಸುಮ್ಮನೆ ನೋಡುತ್ತಿರುವಾಗ ಐದು ಸುರುಳಿ ಎತ್ತಿಡುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಅವನಿಗೆ ಅವತ್ತು ತಿಳಿಯಿತು. ಕೆಳಗೆ ಸ್ಟೂಲಿನ ಮೇಲೆ ಟೀಸಿಯ ಒಂದು ಹಳೇ ಪೇಪರು ಮಡಚಿದ್ದು ಮಡಚಿದಂತೆ ಬಿದ್ದಿತ್ತು. ಟೀಸಿ ಅದನ್ನೇ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ.

"ಕೋಟು ಏನೂ ಬೇಕಿರಲಿಲ್ಲ ಕಣಯ್ಯ" ಎಂದ. "ಸುಮ್ನೆ ಬಂದ್ರೆ ದುಡ್ಡು ಕೇಳೋಕೆ ಬಂದ ಅಂದ್ಕೋತೀಯಾ. ಕೋಟು ಅಂದ್ರೆ ಟೇಪು ಹಿಡೀತೀಯ, ಟೇಪು ಹಿಡಿದ್ರೆ ನಿಂಗೇ ಗೊತ್ತಾಗುತ್ತೆ, ನಾನು ಬಾಯಿ ಬಿಡಬೇಕಾಗಿಲ್ಲ ಅಂದ್ಕೊಂಡಿದ್ದೆ. ನೀನು ಪುಸ್ತಕ ತೆಗೆದೆ." ಕೋಟಿನ ಮೇಲಿಂದಲೇ ಹೊಟ್ಟೆ ಮುಟ್ಟಿಕೊಂಡು, "ಹೊಟ್ಟೇದು. ಇಪ್ಪತ್ತು ದಿನದೊಳಗೆ ಆಪರೇಷನ್ ಮಾಡಿಸ್ಕೋಬೇಕಂತೆ" ಎಂದ.

"ಯಾವ ದುಡ್ಡು?" ಎಂದಳು ಹೆಂಡತಿ.

ಇದು ಬರುತ್ತದೆ ಎಂದು ದರ್ಜಿಗೆ ಗೊತ್ತಿತ್ತು, ಎರಡು ವರ್ಷದಿಂದ ಗೊತ್ತಿತ್ತು, ಎಷ್ಟೋ ಉತ್ತರ ಹೊಲಿದು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ. ಈಗ ಒಂದೂ ಕೈಗೆ ಸಿಗಲಿಲ್ಲ. "ಕಾಜಾ ಮಷೀನಿಗೆ ಅಂತ ಸಾರ್ ಹತ್ರ ಇಸ್ಕೊಂಡಿದ್ದೆ" ಎಂದ.

"ಯಾವ ಕಾಜಾ ಮಷೀನು?" ಅವಳು ಕೇಳಿದ್ದು ಜೋರಾಗಿಯಲ್ಲ. ತನ್ನ ಬಲಗೈಯ ತೋರುಬೆರಳನ್ನು ತಿರುಗಿಸಿ ನೋಡಿಕೊಂಡಳು. ಅದರ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿ ಕಪ್ಪಾಗಿತ್ತು.

"ಅದು ಇಲ್ಲ ಅಂತ ನಂಗೆ ಗೊತ್ತು ಬಿಡಮ್ಮ" ಎಂದ ಟೀಸಿ. "ಹೋದ ವರ್ಷ ಶರಟು ಕೊಟ್ಟು, ಮಷೀನಿನ ಕಾಜಾ ಹೇಗಿದೆ ಸಾರ್ ಅಂತ ಇವನು ಕೇಳ್ದ. ಮನೆಗೆ ಹೋಗಿ ನೋಡಿದ್ರೆ ನಿನ್ನ ಕೈ ಹೊಲಿಗೆ. ಮೂವತ್ತು ವರ್ಷ ಸುಳ್ಳು ಟಿಕೆಟ್ಟು ನೋಡ್ದೋನು, ಇಷ್ಟೂ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕೇಳಲಿಲ್ಲ ಸಾರ್?" ದರ್ಜಿಯ ದನಿ ಅವನಿಗೇ ಬೇರೆ ಯಾರದೋ ಎಂಬಂತೆ ಕೇಳಿತು.

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ನಿಂಗೆ ಸುಳ್ಳು ಹೇಳೋಕೆ ಬರಲ್ಲ ಕಣಯ್ಯ, ನೋಡೋಕೇ ಆಗಲ್ಲ." ಆಮೇಲೆ, ಸಂಕೋಚದಿಂದ, ಕೇಳಬಾರದ್ದನ್ನು ಕೇಳುವವನಂತೆ, "ಹೋಗ್ಲಿ, ಏನಾಯ್ತು ಆ ದುಡ್ಡು?" ಎಂದ.

ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಗೆ ಅರ್ಥವಾಗಿತ್ತು. ಅವಳ ಮುಖದಲ್ಲಿ ಅದು ಅರ್ಥವಾಗುವುದನ್ನು ಅವನು ಕನ್ನಡಿಯಲ್ಲಿ ನೋಡಿದ. ನೇರವಾಗಿ ನೋಡುವ ಧೈರ್ಯವಿರಲಿಲ್ಲ. "ಸಮುದ್ರ" ಎಂದಳು. "ನನ್ನನ್ನ ಸಮುದ್ರಕ್ಕೆ ಕರ್ಕೊಂಡು ಹೋದ್ರು ಅಣ್ಣಾ. ಎಂಟು ದಿನ." ಅವನ ಕಡೆ ತಿರುಗಿದಳು. "ಬೇರೆ ಏನಿಲ್ದಿದ್ರೂ ಅದೊಂದು ನಂದು ಅಂದ್ಕೊಂಡಿದ್ದೆ. ಅದೂ ಸಾಲದ್ದಾ?" ಅತ್ತಿದ್ದರೆ ಅವನು ಸಮಾಧಾನ ಮಾಡುವ ನೆವದಲ್ಲಿ ಒಂದು ಕೆಲಸ ಸಿಕ್ಕಿತು ಎಂದುಕೊಳ್ಳುತ್ತಿದ್ದ. ಅವಳು ಅಳಲಿಲ್ಲ. ಆ ದಿನದ ನಗುವನ್ನು ಅವಳು ಒಳಗೇ ಎಲ್ಲೋ ಹಿಂತೆಗೆದುಕೊಂಡದ್ದು ಅವನಿಗೆ ಕಾಣಿಸಿತು. ಇದನ್ನು ಯಾವ ದುಡ್ಡಿನಿಂದ ತೀರಿಸುವುದು ಎಂದು ಹೊಳೆಯದೆ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ.

"ಚೆನ್ನಾಗಿತ್ತಾ?" ಎಂದ ಟೀಸಿ. ಕುಹಕವಿರಲಿಲ್ಲ. ನಿಜಕ್ಕೂ ಕೇಳಿದ.

"ಚೆನ್ನಾಗಿತ್ತು ಸಾರ್." ಎರಡು ವರ್ಷದಲ್ಲಿ ಟೀಸಿಗೆ ಅವನು ಹೇಳಿದ ಮೊದಲ ನಿಜ ಇದು. ಎಲ್ಲಾ ಸುಳ್ಳುಗಳಿಗಿಂತ ಇದನ್ನು ಹೇಳುವಾಗಲೇ ತಲೆ ಹೆಚ್ಚು ತಗ್ಗಿತು.

"ಪುಣ್ಯ. ಜೂಜಿಗೆ ಗೀಜಿಗೆ ಹಾಕಿ ಕಳ್ಕೊಂಡ್ಯೇನೋ ಅಂತ ಹೆದರಿದ್ದೆ."

"ನನ್ನ ಹೊಲಿಗೆ ಮಷೀನು ನಾಳೆ ಮಾರೋದು" ಎಂದಳು ಹೆಂಡತಿ, ಯಾರನ್ನೂ ನೋಡದೆ. "ಪೂರ್ತಿ ಆಗಲ್ಲ, ಅರ್ಧ ಆಗುತ್ತೆ. ಉಳಿದಿದ್ದಕ್ಕೆ ಇವರು ಬೀದಿ ಬೀದಿ ತಿರುಗ್ಲಿ." ಟೀಸಿ ಬೇಡಮ್ಮ ಎನ್ನುತ್ತಾನೆ ಎಂದು ದರ್ಜಿ ಕಾದ. ಟೀಸಿ ಅನ್ನಲಿಲ್ಲ. ತೊಡೆಯ ಮೇಲಿನ ಪೇಪರಿನ ಮಡಿಕೆಯನ್ನು ಉಗುರಿನಿಂದ ತೀಡುತ್ತ ಕೂತ. ಮನುಷ್ಯನಿಗೆ ಆ ದುಡ್ಡು ಎಷ್ಟು ಬೇಕಾಗಿತ್ತು ಎಂಬುದು, ಎಷ್ಟು ದಿನದಿಂದ ಬೇಕಾಗಿತ್ತು ಎಂಬುದು, ಆ ಮೌನದಲ್ಲಿ ದರ್ಜಿಗೆ ತಿಳಿಯಿತು.

"ಏಳಿ ಸಾರ್, ಅಳತೆ ತಗೋತೀನಿ" ಎಂದ.

ಟೀಸಿ ಕೋಟು ತೆಗೆದು, ಎದ್ದು, ಕೈ ಅಗಲಿಸಿ ನಿಂತ. ದರ್ಜಿ ಟೇಪನ್ನು ಅವನ ಬೆನ್ನ ಹಿಂದಿನಿಂದ ತರಲು ಎರಡು ಕೈಯಿಂದಲೂ ಬಳಸಿದ. ಪಕ್ಕೆಲುಬುಗಳು ಒಂದೊಂದಾಗಿ ತಾಗಿದವು. ಔಷಧಿಯ ವಾಸನೆ, ಅದರಡಿಯಲ್ಲಿ ಹಳೆಯ ಟೀಸಿಯದೇ ಸೋಪಿನ ವಾಸನೆ. ಮುಖ ಭುಜದ ಹತ್ತಿರ ಬಂದಾಗ ಔಷಧಿ ಅಂಗಡಿಯ ಮುಂದಿನ ಆ ಅರ್ಧ ವಾಕ್ಯ ಮತ್ತೆ ಬಂದು ನಾಲಿಗೆಯ ತುದಿಯಲ್ಲಿ ನಿಂತಿತು. ಇದನ್ನೂ ಹೇಳಿಬಿಡಲೇ? ಹೇಳಿದರೆ ಇವನು ಹೋಗ್ಲಿ ಬಿಡು ಎನ್ನುತ್ತಾನೆ, ಖಂಡಿತ ಎನ್ನುತ್ತಾನೆ. ಸಾಯುವ ಭಯದಲ್ಲಿರುವವನ ಹತ್ತಿರ ಇನ್ನೂ ಒಂದು ಸಾಲ ಇಸ್ಕೊಳ್ಳುವುದೇ? ಅದೊಂದನ್ನು ಅವನು ನುಂಗಿದ. ಅದು ಇಳಿಯಲಿಲ್ಲ, ಇಳಿಯುವುದೂ ಇಲ್ಲ ಎಂದು ಗೊತ್ತಿತ್ತು.

"ಎಷ್ಟು?" ಹೆಂಡತಿ ಪುಸ್ತಕ ತೆರೆದು ಪೆನ್ನು ಹಿಡಿದಿದ್ದಳು.

ಟೇಪಿನ ಅಂಕಿ ಕಣ್ಣಿಗೆ ಮಸುಕಾಯಿತು. ಒರೆಸಿಕೊಂಡು ಮತ್ತೆ ನೋಡಿದ. "ಮೂವತ್ತನಾಲ್ಕು."

ನಲವತ್ತರ ಕೆಳಗೆ ಅವಳು ಮೂವತ್ತನಾಲ್ಕು ಎಂದು ಬರೆದಳು. ಟೀಸಿ ಕತ್ತು ಚಾಚಿ ನೋಡಿ, "ಹಳೇದನ್ನ ಹೊಡೆದು ಹಾಕ್ಬೇಡಮ್ಮ" ಎಂದ. ಆಮೇಲೆ ಕೋಟಿನ ಕಡೆ ಕೈ ತೋರಿಸಿ, "ಹೆಚ್ಚಿಗೆ ಬಟ್ಟೆ ಕತ್ತರಿಸಿ ಎಸೀತೀಯಾ?" ಎಂದು ಕೇಳಿದ.

"ಇಲ್ಲ ಸಾರ್. ಹೊಲಿಗೆಯೊಳಗೆ ಬಿಡ್ತೀವಿ. ಮುಂದೆ ಮೈ ಬಂದ್ರೆ ಬಿಚ್ಕೋಬಹುದು."

"ಎಷ್ಟು ಬಿಡ್ತೀಯಾ?"

ಕಸುಬಿನವರ ಲೆಕ್ಕದಲ್ಲಿ ಒಂದು ಇಂಚು, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ಬಿಟ್ಟರೆ ಪಕ್ಕ ಉಬ್ಬಿಕೊಳ್ಳುತ್ತದೆ, ಕೋಟು ಕೆಡುತ್ತದೆ, ನೋಡಿದವರು ಯಾವ ದಡ್ಡ ಹೊಲಿದನಪ್ಪಾ ಎನ್ನುತ್ತಾರೆ. ಟೀಸಿ ಉತ್ತರಕ್ಕೆ ಕಾಯುತ್ತ ಅವನ ಬಾಯನ್ನೇ ನೋಡುತ್ತಿದ್ದ, ಡಾಕ್ಟರ ಬಾಯಿ ನೋಡುವ ಹಾಗೆ.

"ಆರೂ ಬಿಡ್ತೀನಿ ಸಾರ್" ಎಂದ ದರ್ಜಿ.

"ಹುಚ್ಚಪ್ಪಾ, ದಿಂಬಿನ ಹಾಗೆ ಉಬ್ಬುತ್ತೆ."

"ಉಬ್ಬಲಿ ಸಾರ್" ಎಂದು ಕತ್ತರಿಯನ್ನು ಮೇಜಿನ ಆಚೆ ತುದಿಗೆ ಸರಿಸಿ, ಸೂಜಿಗೆ ದಾರ ಪೋಣಿಸಲು ಕೂತ. ಮೂರು ಸಲ ತಪ್ಪಿತು. ಹೆಂಡತಿ ಸೂಜಿಯನ್ನು ಅವನ ಕೈಯಿಂದ ತೆಗೆದುಕೊಂಡು, ದಾರ ಪೋಣಿಸಿ, ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು.